ಹೂಕುಂಡದಲ್ಲಿ ಹೂತ ಮಾತ್ರೆಗಳು

ಪುಟ್ಟಿ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಹೊಸ ಮನೆ, ಹೊಸ ಕೆಲಸದ ಸಂಗತಿಯನ್ನೆಲ್ಲ ನಾನೂ ನಿನ್ನ ಅಮ್ಮನೂ ಆಗಲೇ ಮಾತಾಡಿ ಮುಗಿಸಿದ್ದೇವೆ. ಆದರೆ ಕೊನೆಯಲ್ಲಿ, ಸಹಿಗೆ ಮುಂಚೆ, ಸಣ್ಣ ಅಕ್ಷರದಲ್ಲಿ ಒಂದು ಸಾಲು ತುರುಕಿದ್ದೀಯಲ್ಲ: ‘ಮಗು ಬೇಕು ಅಂದುಕೊಂಡಿದ್ದೇವೆ, ಮುಂದಿನ ತಿಂಗಳಿಂದ ಫಿಟ್ಸ್ ಮಾತ್ರೆ ನಿಲ್ಲಿಸಿಬಿಡುತ್ತೇನೆ, ಡಾಕ್ಟರಿಗೆ ಆಮೇಲೆ ಹೇಳಿದರಾಯಿತು.’ ಅದನ್ನು ಓದಿದಾಗಿನಿಂದ ನನಗೆ ನಿದ್ದೆ ಹತ್ತಿಲ್ಲ.

ನಿಲ್ಲಿಸಬೇಡ ಕಣೇ. ನೀನಾಗಿ ನಿಲ್ಲಿಸಬೇಡ.

ನನಗೂ ಇದೇ ಕಾಯಿಲೆ ಇದ್ದದ್ದು, ಮೊದಲ ಬಸುರು ಉಳಿಯದೆ ಹೋದದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಯಾರಿಗೂ ಗೊತ್ತಿಲ್ಲದ್ದನ್ನು ಬರೆಯುತ್ತೇನೆ. ಬಸುರು ಅಂತ ಖಚಿತವಾದ ದಿನದಿಂದಲೇ ನಾನು ಮಾತ್ರೆ ನುಂಗುವುದನ್ನು ಬಿಟ್ಟಿದ್ದೆ. ನಿಮ್ಮ ದೊಡ್ಡಪ್ಪ ನೀರಿನ ಲೋಟದ ಜೊತೆ ತಂದು ಕೈಗೆ ಕೊಡೋರು. ಬಾಯಿಗೆ ಹಾಕಿಕೊಂಡು ನಾಲಿಗೆಯಡಿ ಒತ್ತಿಟ್ಟುಕೊಂಡು ಹಿತ್ತಲಿಗೆ ಹೋಗುತ್ತಿದ್ದೆ. ಅಲ್ಲಿ ಹೂಕುಂಡದ ಮಣ್ಣೊಳಗೆ ಬೆರಳಿಂದ ತಳ್ಳಿಬಿಡುತ್ತಿದ್ದೆ. ನೀರು ಹಾಕಿದಾಗ ಕರಗಿ ಮಣ್ಣಿನ ಮೇಲೆ ಬೆಳ್ಳಗೆ ಎದ್ದು ಕಾಣುತ್ತಿತ್ತು. ಪಕ್ಕದ ಮಣ್ಣು ಎಳೆದು ಮುಚ್ಚುತ್ತಿದ್ದೆ. ಹತ್ತೊಂಬತ್ತು ದಿನ ಏನೂ ಆಗಲಿಲ್ಲ. ಅದೇ ನೋಡು ಮೋಸ. ಇಪ್ಪತ್ತನೆಯ ದಿನ ಒಲೆಯ ಮುಂದೆ ಬಿದ್ದೆ. ನನ್ನ ಮೊಣಕೈಯ ಗುರುತನ್ನು ಚಿಕ್ಕವಳಿದ್ದಾಗ ಮುಟ್ಟಿ ಮುಟ್ಟಿ ಕೇಳುತ್ತಿದ್ದೆಯಲ್ಲ, ಎಣ್ಣೆ ಸಿಡಿದದ್ದು ಅನ್ನುತ್ತಿದ್ದೆ. ಸುಳ್ಳು. ಅದಾಗಿ ಎರಡು ವಾರಕ್ಕೆ ಬಸುರು ಹೋಯಿತು. ಬಿದ್ದದ್ದಕ್ಕೇ ಹೋಯಿತೋ, ಉಳಿಯದ್ದೇ ಆಗಿತ್ತೋ, ಡಾಕ್ಟರು ಖಚಿತವಾಗಿ ಏನೂ ಹೇಳಲಿಲ್ಲ. ಕುಂಡದ ವಿಷಯವನ್ನು ನಾನೂ ಬಾಯಿಬಿಡಲಿಲ್ಲ, ಇನ್ನು ಅವರಿಗಾದರೂ ಹೇಗೆ ಗೊತ್ತಾಗಬೇಕು?

ನಿನ್ನ ಹೆದರಿಕೆಗೆ ಅರ್ಥವಿಲ್ಲ ಅನ್ನುತ್ತಿಲ್ಲ. ನಮ್ಮ ಕಾಲದವರು ಬೆಳೆದದ್ದೇ ಥಾಲಿಡೋಮೈಡ್ ಕಥೆ ಕೇಳಿಕೊಂಡು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ನಿದ್ದೆ ಮಾತ್ರೆ ಅದು. ಬಸುರಿಯರ ವಾಕರಿಕೆಗೂ ಕೊಟ್ಟರು. 1961ರ ಕೊನೆಯಲ್ಲಿ ಅಲ್ಲಿ ಹಿಂದಕ್ಕೆ ತೆಗೆದುಕೊಳ್ಳುವ ಹೊತ್ತಿಗೆ ಸಾವಿರಾರು ಹಸುಗೂಸುಗಳ ಕೈಕಾಲು ಬೆಳೆಯದೆ ಹೋಗಿತ್ತು. ಅದನ್ನು ಕೇಳಿದ ಮೇಲೆ ನನಗೆ ಎಲ್ಲ ಮಾತ್ರೆಯೂ ಒಂದೇ ಥರ ಕಂಡಿತು. ತಪ್ಪಾದದ್ದು ಅಲ್ಲೇ.

ನಿನ್ನ ಚೀಟಿಯಲ್ಲಿ ಯಾವ ಹೆಸರಿದೆ ಅಂತ ನೀನು ಬರೆದೇ ಇಲ್ಲ. ವಾಲ್ಪ್ರೋಯೇಟ್ ಆಗಿದ್ದರೆ ನಿನ್ನ ಭಯ ನಿಜವೇ. ಅದನ್ನು ತೆಗೆದುಕೊಳ್ಳುವ ತಾಯಂದಿರಿಗೆ ಹುಟ್ಟುವ 100 ಮಕ್ಕಳಲ್ಲಿ ಸುಮಾರು 10 ಮಕ್ಕಳಿಗೆ ಅಂಗದೋಷ ಇರುತ್ತದೆ. ಬೇರೆ ತಾಯಂದಿರ ಮಕ್ಕಳಲ್ಲಿ ಅದು 100ಕ್ಕೆ 2–3. ವಾಲ್ಪ್ರೋಯೇಟ್ ತಗೊಂಡವರ ಮಕ್ಕಳಲ್ಲಿ ಮಾತು, ಕಲಿಕೆಯಲ್ಲಿ ಹಿಂದೆ ಬೀಳುವವರು 100ಕ್ಕೆ 30ರಿಂದ 40. ಆದರೆ ಲ್ಯಾಮೋಟ್ರಿಜಿನ್, ಲೆವೆಟಿರಾಸಿಟಮ್‌ನಂಥವುಗಳಲ್ಲಿ ಅಂಗದೋಷದ ಲೆಕ್ಕ ಮಿಕ್ಕವರಷ್ಟೇ ಹೆಚ್ಚುಕಡಿಮೆ. ಒಂದನ್ನು ಮೆಲ್ಲಗೆ ಇಳಿಸಿ ಇನ್ನೊಂದನ್ನು ಏರಿಸುವುದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದಂತೆ. ಅಲ್ಲಿಯವರೆಗೆ ಬಸುರಾಗದ ಹಾಗೆ ನೋಡಿಕೊಳ್ಳಿ. ಕೆಲವು ಫಿಟ್ಸ್ ಮಾತ್ರೆಗಳಿದ್ದರೆ ಗರ್ಭನಿರೋಧಕ ಗುಳಿಗೆ ಸರಿಯಾಗಿ ಕೆಲಸ ಮಾಡುವುದಿಲ್ಲ, ಅದನ್ನೂ ಕೇಳು. (ದೊಡ್ಡಮ್ಮ ಇದನ್ನೆಲ್ಲ ಬರೆಯುತ್ತಾಳಾ ಅಂತ ನಗಬೇಡ.)

‘ಆಮೇಲೆ ಹೇಳಿದರಾಯಿತು’ ಅಂದೆಯಲ್ಲ, ಆ ‘ಆಮೇಲೆ’ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಕೂಸಿನ ಮಿದುಳು, ಬೆನ್ನುಹುರಿ ಆಗುವ ನಾಳ ಗರ್ಭ ಕಟ್ಟಿದ ನಾಲ್ಕು ವಾರದೊಳಗೇ ಮುಚ್ಚಿಕೊಳ್ಳುತ್ತದೆ. ಮುಟ್ಟು ತಪ್ಪಿ, ಇರಬಹುದೇನೋ ಅಂತ ನೀನು ಅನುಮಾನ ಪಡುವಷ್ಟರಲ್ಲಿ ಅಲ್ಲಿ ಎಲ್ಲ ನಡೆದುಹೋಗಿರುತ್ತದೆ. ಮಾತ್ರೆ ಬದಲಿಸುವುದಿದ್ದರೆ ಅದಕ್ಕೂ ಮುಂಚೆಯೇ ಆಗಬೇಕು. ಫೋಲಿಕ್ ಆಸಿಡ್ ಕೂಡ ಹಾಗೆಯೇ. ಎಲ್ಲರಿಗೂ ದಿನಕ್ಕೆ 400 ಮೈಕ್ರೋಗ್ರಾಂ ಸಾಕು, ಫಿಟ್ಸ್ ಮಾತ್ರೆ ತಗೊಳ್ಳುವವರಿಗೆ ಬಹಳಷ್ಟು ಸಲ 5 ಮಿಲಿಗ್ರಾಂ ಬರೆಯುತ್ತಾರೆ. ನಿನಗೆಷ್ಟು ಅನ್ನುವುದನ್ನು ಡಾಕ್ಟರೇ ಹೇಳಲಿ. ನಾನು ಅರ್ಧ ತಿಳಿದವಳು.

ಬಚ್ಚಲಿನ ಬಾಗಿಲಿಗೆ ಚಿಲಕ ಹಾಕಬೇಡ. ಇದು ಬಸುರಿಗೆ ಸಂಬಂಧಿಸಿದ್ದಲ್ಲ ಅನ್ನಿಸಬಹುದು, ಆದರೂ ಹೇಳಿದ್ದೇನೆ. ಮಾತ್ರೆ ಬಿಟ್ಟ ಹೆಣ್ಣುಮಗಳು ಒಬ್ಬಳೇ ಇರುವಾಗ ಬಿದ್ದರೆ ಅನ್ನುವುದೇ ನನ್ನ ಕಣ್ಣ ಮುಂದೆ ಬರುತ್ತಿದೆ. ಥಟ್ಟನೆ ನಿಲ್ಲಿಸಿದರೆ ಒಂದರ ಹಿಂದೊಂದು ಬಿಡದೆ ಫಿಟ್ಸ್ ಬರುವುದುಂಟು, ಜೀವಕ್ಕೇ ಅಪಾಯ. ಬಸುರಾದ ಮೇಲೂ ಅಷ್ಟೇ: ಲ್ಯಾಮೋಟ್ರಿಜಿನ್‌ನಂಥದ್ದು ಆಗ ರಕ್ತದಲ್ಲಿ ಇಳಿದುಬಿಡುತ್ತದೆ, ಪರೀಕ್ಷೆ ಮಾಡಿ ಪ್ರಮಾಣ ಏರಿಸಬೇಕಾಗುತ್ತದೆ. ವಾಂತಿಯಲ್ಲಿ ಮಾತ್ರೆ ಹೊರಗೆ ಬಂದರೆ ಏನು ಮಾಡಬೇಕು ಅಂತಲೂ ಕೇಳಿಟ್ಟುಕೋ. ನಿದ್ದೆಗೆಡಬೇಡ. ನಿದ್ದೆಯಿಲ್ಲದ ನಾನೇ ಇದನ್ನು ಬರೆಯುತ್ತಿದ್ದೇನೆ, ಇರಲಿ.

ಫಿಟ್ಸ್ ಇರುವ ಹೆಂಗಸರಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಜನಕ್ಕೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತವೆ. ನನಗೆ ಅಂದು ಇದನ್ನು ಯಾರಾದರೂ ಹೇಳಿದ್ದರೆ ಹಿತ್ತಲಿಗೆ ಹೋಗುತ್ತಿರಲಿಲ್ಲವೇನೋ. ಕೇಳಿದ್ದರೆ ಹೇಳುತ್ತಿದ್ದರು, ನಾನು ಕೇಳಲಿಲ್ಲ.

ಈ ಕಾಗದ ತಲುಪಿದ ದಿನವೇ ಮಾತ್ರೆಯ ಹೆಸರು ಬರೆದು ಕಳಿಸು, ಆ ರಾತ್ರಿಯದ್ದನ್ನು ನುಂಗಿದೆ ಅಂತಲೂ ಬರಿ. ನಿಮ್ಮ ದೊಡ್ಡಪ್ಪನಿಗೆ ಇದನ್ನು ತೋರಿಸಿಲ್ಲ. ಅಂಚೆಗೆ ಹಾಕಲು ಅವರ ಕೈಗೇ ಕೊಡಬೇಕು, ಲಕೋಟೆಗೆ ಅಂಟು ಹಚ್ಚದೆ ಕೊಡಲೋ ಅಂತ ನೋಡುತ್ತಿದ್ದೇನೆ.

ನಿನ್ನ
ದೊಡ್ಡಮ್ಮ