ಮಗಳಿಗೊಂದು ಪತ್ರ: ಕಿಟಕಿಗೆ ಕಟ್ಟಿದ ಗೂಡು

ಸಂಡೂರು, ಏಪ್ರಿಲ್

ಪ್ರೀತಿಯ ಮಗಳೇ,

ದೀಪಾವಳಿಯ ರಜೆಯಲ್ಲಿ ಹೊಲದ ಬದುವಿನ ಬಾರಿಗಿಡದಿಂದ ಟೊಂಗೆ ಸಮೇತ ತಂದು ನೀನು ಕಿಟಕಿಗೆ ಕಟ್ಟಿ ಹೋದ ಟಸ್ಸಾರ್ ಎಂಬ ಕಾಡುರೇಷ್ಮೆಯ ಗೂಡು ಸತ್ತೇ ಹೋಗಿರಬೇಕು, ಎಸೆದುಬಿಡಿ ಎಂದು ಮೊನ್ನೆ ನೀನು ಫೋನಿನಲ್ಲಿ ಹೇಳಿದೆ. ನಾನು ಎಸೆದಿಲ್ಲ. ರಾಮನಗರದ ಮಾರುಕಟ್ಟೆಗೆ ಬರುವ ಗೂಡಿನ ಲೆಕ್ಕವನ್ನೇ ನೀನು ಇದಕ್ಕೂ ಹಾಕಿದ್ದೀಯ. ಹಿಪ್ಪುನೇರಳೆ ತಿನ್ನುವ ಹುಳು ಗೂಡು ಕಟ್ಟಿದ ಎರಡು ವಾರಗಳ ಆಸುಪಾಸಿನಲ್ಲಿ ಚಿಟ್ಟೆಯಾಗುತ್ತದೆ. ಅದರ ಸುಪ್ತಾವಸ್ಥೆ ಏನಿದ್ದರೂ ಮೊಟ್ಟೆಯಲ್ಲಿ. ಟಸ್ಸಾರ್ ಹುಳು ಹಾಗಲ್ಲ. ಹಗಲು ಕುಗ್ಗುವ ಕಾಲದಲ್ಲಿ ಕಟ್ಟಿದ ಗೂಡಿನೊಳಗೆ ಅದು ಕೋಶವಾಗಿಯೇ, ಅಂದರೆ ಹುಳುವಿಗೂ ಚಿಟ್ಟೆಗೂ ನಡುವಿನ ಹಂತದಲ್ಲೇ, ಚಳಿಗಾಲವನ್ನೂ ನಮ್ಮ ಬಳ್ಳಾರಿ ಸೀಮೆಯ ಬೇಸಿಗೆಯನ್ನೂ ಕಳೆದು ಮುಂಗಾರಿಗೆ ಕಾಯುತ್ತದೆ.

ನಿನ್ನೆ ಕೈಗೆತ್ತಿಕೊಂಡು ನೋಡಿದೆ. ತೊಟ್ಟಿನ ತುದಿಯ ಉಂಗುರ ಟೊಂಗೆಯನ್ನು ಇನ್ನೂ ಬಿಗಿಯಾಗಿ ಹಿಡಿದಿದೆ. ಕಿವಿಯ ಬಳಿ ಮೆಲ್ಲಗೆ ಅಲುಗಿಸಿದರೆ ಒಳಗೆ ತೂಕವುಳ್ಳದ್ದೊಂದು ಗೋಡೆಗೆ ತಾಗುತ್ತದೆ. ಸತ್ತು ಒಣಗಿದ್ದರೆ ಹಳೆಯ ಶೇಂಗಾಕಾಯಿಯಂತೆ ಗಲಗಲ ಎನ್ನುತ್ತಿತ್ತು. ಹಿಂದೊಮ್ಮೆ ನಾನೂ ಇಂಥದೇ ಗೂಡನ್ನು ಸತ್ತಿದೆಯೆಂದು ಬ್ಲೇಡಿನಿಂದ ಕೊಯ್ದಿದ್ದೆ. ಬೆರಳು ತಾಗಿದೊಡನೆ ಒಳಗಿನ ಕಂದು ಕೋಶ ಹೊಟ್ಟೆಯ ಮಡಿಕೆಗಳನ್ನು ನಿಧಾನವಾಗಿ ಒಂದು ಸುತ್ತು ಹೊರಳಿಸಿತು. ಆ ನಾಚಿಕೆ ಇನ್ನೂ ಹೋಗಿಲ್ಲ.

ಕೋಶ ಉಣ್ಣುವುದಿಲ್ಲ, ಕುಡಿಯುವುದಿಲ್ಲ. ಹುಳುವಾಗಿದ್ದಾಗ ಎಲೆಯಿಂದ ಕೂಡಿಟ್ಟ ನೀರೇ ಅದರ ಗಂಟು. ಪಕ್ಕೆಗಳಲ್ಲಿರುವ ಶ್ವಾಸರಂಧ್ರಗಳು ತೆರೆದಾಗಲೆಲ್ಲ ಆ ನೀರು ಆವಿಯಾಗಿ ಸೋರುತ್ತದೆ. ಇದರ ಬಂಧುವಾದ ಅಮೆರಿಕದ ಸೆಕ್ರೋಪಿಯಾ ಪತಂಗದ ಕೋಶ ಈ ತೊಡಕನ್ನು ನಿಭಾಯಿಸುವ ಬಗೆಯನ್ನು ಕೀಟವಿಜ್ಞಾನಿಗಳಾದ ಕ್ಯಾರೊಲ್ ವಿಲಿಯಮ್ಸ್ ಮತ್ತು ಷ್ನೈಡರ್‌ಮನ್ 1950ರ ದಶಕದಲ್ಲಿ ಅಳೆದು ತೋರಿಸಿದರು. ಮೊದಲು ರಂಧ್ರಗಳು ಮುಚ್ಚಿರುತ್ತವೆ. ಒಳಗಿನ ಆಮ್ಲಜನಕ ಖರ್ಚಾಗುತ್ತದೆ, ಆದರೆ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಬಹುಪಾಲು ದೇಹದ್ರವದಲ್ಲೇ ಕರಗಿ ಉಳಿಯುವುದರಿಂದ ಗಾಳಿನಾಳಗಳ ಒತ್ತಡ ಹೊರಗಿನದಕ್ಕಿಂತ ತುಸು ಇಳಿಯುತ್ತದೆ. ಆಗ ರಂಧ್ರಗಳು ಕೂದಲೆಳೆಯಷ್ಟು ಬಿಚ್ಚಿ ಮುಚ್ಚುತ್ತ ಅದುರತೊಡಗುತ್ತವೆ. ಗಾಳಿ ಒಳಕ್ಕೇ ಎಳೆಯಲ್ಪಡುವುದರಿಂದ ಅದಕ್ಕೆ ಎದುರಾಗಿ ಆವಿ ಹೊರಬೀಳುವುದು ಕಷ್ಟ. ಹೀಗೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಸಾಗಿ, ಡೈಆಕ್ಸೈಡ್ ಮಿತಿ ಮುಟ್ಟಿದಾಗ ಮಾತ್ರ ರಂಧ್ರಗಳು ಪೂರ್ತಿ ತೆರೆದು ಅದನ್ನು ಒಮ್ಮೆಲೇ ಹೊರಹಾಕುತ್ತವೆ. ಇದು ನೀರುಳಿಸಲು ಅಲ್ಲ, ಅತಿಯಾದ ಆಮ್ಲಜನಕ ಅಂಗಾಂಶಗಳನ್ನು ಕೆಡಿಸದಂತೆ ತಡೆಯಲು ಎಂದು 2005ರಲ್ಲಿ ಅಟ್ಲಾಸ್ ಪತಂಗದ ಕೋಶಗಳನ್ನು ಪರೀಕ್ಷಿಸಿದ ಹೆಟ್ಜ್ ಮತ್ತು ಬ್ರಾಡ್ಲಿ ವಾದಿಸಿದರು. ಕೊಡಕ್ಕೆ ಸರತಿ ನಿಂತು ಬೆಳೆದ ನನಗೆ ನೀರಿನ ವಾದವೇ ಹತ್ತಿರ.

ಕೋಶದ ಈ ಕಾಯುವಿಕೆಯನ್ನು ನಿದ್ದೆ ಎನ್ನುವುದೂ ಪೂರ್ತಿ ಸರಿಯಲ್ಲ. ಚಳಿಯಲ್ಲಿಟ್ಟ ಕೋಶದ ಮೆದುಳನ್ನು ವಿಲಿಯಮ್ಸ್ ಚಳಿ ಕಾಣದ ಕೋಶಕ್ಕೆ ಇಟ್ಟಾಗ ಅದರ ಸುಪ್ತಾವಸ್ಥೆ ಮುರಿಯಿತು. ಮೆದುಳಿನ ಹಾರ್ಮೋನ್ ಎದೆಯ ಗ್ರಂಥಿಯನ್ನು ಎಬ್ಬಿಸದ ಹೊರತು ಚಿಟ್ಟೆಯ ಕಟ್ಟಡ ಮುಂದುವರಿಯುವುದಿಲ್ಲ.

ಗೂಡನ್ನು ಬಿಸಿಲು ತಾಗದ ಪಡಸಾಲೆಗೆ ಸರಿಸಿದ್ದೇನೆ. ನಿನ್ನಮ್ಮ ದಿನಾ ಅಲುಗಿಸುವುದನ್ನು ಮಾತ್ರ ತಡೆಯಲಾಗಿಲ್ಲ. ಚಿಟ್ಟೆ ಹೊರಡುವ ಮುನ್ನ ಉಗುಳುವ ರಸದಿಂದ ತೊಟ್ಟಿನ ಕಡೆಯ ತುದಿ ಒದ್ದೆಯಾಗುತ್ತದೆ; ಅದು ಕಂಡರೆ ರಾತ್ರಿ ಎಷ್ಟೊತ್ತಾದರೂ ಫೋನ್ ಮಾಡುತ್ತೇನೆ, ಎತ್ತಿಕೋ.

ನಿನ್ನ ಅಪ್ಪ