ಗೆಳೆಯನಿಗೊಂದು ಪತ್ರ: ನಿನ್ನ ಹಿಮ್ಮಡಿಯ ಕಪ್ಪು ಕಲೆ

ಪ್ರಿಯ ಗೆಳೆಯ,

ಇದನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಬರೆಯುತ್ತಿದ್ದೇನೆಂದು ಸಿಟ್ಟಾಗಬೇಡ. ನಿನಗೊಬ್ಬನಿಗೇ ಬರೆದರೆ ಓದಿ, ನಕ್ಕು, ತೋಟಕ್ಕೆ ಇಳಿದುಬಿಡುತ್ತೀಯ. ನಾಲ್ಕು ಜನ ಓದಿದರೆ ಅವರಲ್ಲಿ ಒಬ್ಬರಾದರೂ ಶಿರಸಿ ಪೇಟೆಯಲ್ಲಿ ನಿನ್ನನ್ನು ನಿಲ್ಲಿಸಿ ‘ಕಾಲು ತೋರಿಸಿಕೊಂಡು ಬಂದೆಯಾ’ ಎಂದು ಕೇಳಿಯಾರು.

ಮೊನ್ನೆ ವಿಡಿಯೊ ಕರೆಯಲ್ಲಿ ನೀನು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದೆಯಲ್ಲ, ಬಲ ಹಿಮ್ಮಡಿಯಲ್ಲಿ ಒಂದು ಕಪ್ಪು ಕಲೆ ಕಂಡಿತು. ಕೇಳಿದರೆ ‘ಅಡಿಕೆ ಚೊಗರು, ಬಿಡು’ ಎಂದು ಮಾತು ಬದಲಿಸಿದೆ. ಕೊನೆಕೊಯ್ಲು ಮುಗಿದು ಮಳೆಗಾಲ ಹಿಡಿದಿದೆ. ನಿನ್ನ ಅಂಗೈಯ ಚೊಗರಿನ ಕಲೆ ಹೋಗಿದೆ, ಉಗುರಿನ ಸಂದಿಯದೂ ಹೋಗಿದೆ. ಹಿಮ್ಮಡಿಯದಕ್ಕೆ ಮಾತ್ರ ಏನಾಯಿತು? ಚೊಗರು ಕೂರುವುದು ಚರ್ಮದ ಮೇಲ್ಪದರದಲ್ಲಿ. ಆ ಪದರ ಸವೆದು ಉದುರುವಾಗ ಕಲೆಯೂ ಅದರ ಜೊತೆ ಹೋಗಲೇಬೇಕು. ಹೋಗದೆ ಕೂತಿದ್ದರೆ ಬಣ್ಣ ಹೊರಗಿನಿಂದ ಅಂಟಿದ್ದಲ್ಲ, ಒಳಗಿನಿಂದ ಬರುತ್ತಿರಬಹುದು.

ನಾನಿರುವ ಬ್ರಿಸ್ಬೇನಿನಲ್ಲಿ ಮಚ್ಚೆ ತೋರಿಸುವುದೆಂದರೆ ಹಲ್ಲು ತೋರಿಸಿದಷ್ಟೇ ಸಹಜ. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಜಗತ್ತಿನಲ್ಲಿ ಅತಿ ಹೆಚ್ಚು ಕಾಣಿಸಿಕೊಳ್ಳುವುದು ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ. ಬಿಳಿ ತೊಗಲಿಗೆ ಈ ಬಿಸಿಲು ತಡೆಯುವುದಿಲ್ಲ. ಅಂಗಿ ತೊಡಿ, ಮುಲಾಮು ಹಚ್ಚಿ, ಟೊಪ್ಪಿಗೆ ಹಾಕಿ ಎಂದು 1981ರಿಂದ ಮಕ್ಕಳಿಗೂ ಹಾಡಿನಲ್ಲಿ ಹೇಳಿಕೊಡುತ್ತಿದ್ದಾರೆ. ನಮಗೆ ಆ ಚಿಂತೆ ಇಲ್ಲವೆಂದು ನಾನೂ ನಂಬಿದ್ದೆ. ಅದು ಪೂರ್ತಿ ಸುಳ್ಳೂ ಅಲ್ಲ. ಭಾರತದಲ್ಲಿ ವರ್ಷಕ್ಕೆ ಲಕ್ಷಕ್ಕೆ ಒಬ್ಬರಿಗೂ ಈ ಕಾಯಿಲೆ ಬರುವುದಿಲ್ಲ.

ಹೀಗಿರುವಾಗ ನನ್ನ ಬೆನ್ನಿನ ಒಂದು ಮಚ್ಚೆ ಬಣ್ಣ ಬದಲಿಸಿತು. ಹೆಂಡತಿ ನೋಡಿ ಹೇಳಿದಳು, ವೈದ್ಯರ ಬಳಿಗೆ ಹೋದೆ. ಅವರು ಬೆನ್ನನ್ನು ಮುಟ್ಟುವ ಮೊದಲು ಸಾಕ್ಸ್ ಬಿಚ್ಚಲು ಹೇಳಿದರು. ದೀಪವಿರುವ ಪುಟ್ಟ ಭೂತಗನ್ನಡಿ ಹಿಡಿದು ಅಂಗಾಲು, ಬೆರಳ ಸಂದಿ, ಉಗುರುಗಳನ್ನೆಲ್ಲ ನಿಧಾನವಾಗಿ ನೋಡಿದರು. ‘ನಿಮ್ಮ ಬಣ್ಣದವರಲ್ಲಿ ನಾನು ಶುರುಮಾಡುವುದೇ ಇಲ್ಲಿಂದ’ ಎಂದರು.

ನಮ್ಮಂಥವರಲ್ಲಿ ಮೆಲನೋಮ ಅಪರೂಪ, ಆದರೆ ಬಂದಾಗ ಬಹುಪಾಲು ಬಿಸಿಲೇ ಬೀಳದ ಜಾಗ ಹುಡುಕಿಕೊಳ್ಳುತ್ತದೆ: ಅಂಗಾಲು, ಅಂಗೈ, ಉಗುರಿನ ಅಡಿ. ನಮ್ಮ ಹಾಸ್ಟೆಲ್ ಗೋಡೆಯ ಮೇಲಿದ್ದ ಗಾಯಕ ಬಾಬ್ ಮಾರ್ಲಿ ನೆನಪಿದ್ದಾನಲ್ಲ? ಕಾಲ್ಬೆರಳಿನ ಕಪ್ಪನ್ನು ಫುಟ್‌ಬಾಲಿನ ಪೆಟ್ಟೆಂದುಕೊಂಡಿದ್ದ. 1977ರಲ್ಲಿ ಅದು ಮೆಲನೋಮ ಎಂದು ಗೊತ್ತಾಯಿತು. 1981ರ ಮೇ ತಿಂಗಳಲ್ಲಿ ತೀರಿಕೊಂಡಾಗ ಅವನಿಗೆ 36 ವರ್ಷ. ಪೆಟ್ಟು, ಆಣಿ, ಮುಳ್ಳು, ಚೊಗರು ಎಂದು ಹೆಸರಿಟ್ಟು ಕಾಯುವುದರಲ್ಲೇ ಕಾಲ ಕಳೆದುಹೋಗುತ್ತದೆ. ನೋವಿಲ್ಲವಲ್ಲ ಎಂದೂ ಸಮಾಧಾನ ಮಾಡಿಕೊಳ್ಳಬೇಡ. ಆರಂಭದಲ್ಲಿ ಅದು ಸಾಮಾನ್ಯವಾಗಿ ನೋಯುವುದಿಲ್ಲ.

ಹೆದರಿಸಲು ಬರೆಯುತ್ತಿಲ್ಲ. ಎಲ್ಲ ಕಪ್ಪು ಚುಕ್ಕೆಯೂ ಕೇಡಲ್ಲ. ನಮ್ಮವರ ಹಲವು ಉಗುರುಗಳಲ್ಲಿ ಕಂದು ಗೆರೆಗಳಿರುವುದು ಮಾಮೂಲು. ಒಂದೇ ಉಗುರಿನಲ್ಲಿ ಹೊಸದಾಗಿ ಗೆರೆ ಮೂಡಿ, ಅಗಲವಾಗುತ್ತ, ಬಣ್ಣ ಬುಡದ ಚರ್ಮಕ್ಕೂ ಹರಿದರೆ ಆಗ ತಡಮಾಡಬಾರದು. ಮಚ್ಚೆಯ ಎರಡು ಅರ್ಧ ಒಂದೇ ತೆರನಾಗಿಲ್ಲದಿದ್ದರೆ, ಅಂಚು ಕೊರೆಕೊರೆಯಾಗಿದ್ದರೆ, ಒಂದರಲ್ಲೇ ಎರಡು ಮೂರು ಬಣ್ಣವಿದ್ದರೆ, 6 ಮಿಲಿಮೀಟರ್ ದಾಟಿದ್ದರೆ ತೋರಿಸಬೇಕು ಎಂದು ನ್ಯೂಯಾರ್ಕಿನ ವೈದ್ಯರು 1985ರಲ್ಲೇ ಹೇಳಿದ್ದರು. 2004ರಲ್ಲಿ ಐದನೆಯದನ್ನು ಸೇರಿಸಿದರು: ಬದಲಾಗುತ್ತಿದ್ದರೆ. ನನಗೆ ಎಲ್ಲಕ್ಕಿಂತ ದೊಡ್ಡದು ಇದೇ. ಎಸ್ಸೆಸ್ಸೆಲ್ಸಿ ಅರ್ಜಿಯ ಗುರುತಿನ ಚಿಹ್ನೆಗಾಗಿ ಮೇಷ್ಟ್ರು ನಿನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ ಹುಡುಕಿ, ಒಂದೂ ಮಚ್ಚೆ ಸಿಗದೆ ಮೊಣಕಾಲಿನ ಗಾಯವನ್ನು ಬರೆದುಕೊಂಡರು. ಅಂದು ಇಲ್ಲದ್ದು ಇಂದು ಎಲ್ಲಿಂದ ಬಂತು?

ನನ್ನ ಮಚ್ಚೆಯನ್ನು ಕತ್ತರಿಸಿ ಪರೀಕ್ಷೆಗೆ ಕಳುಹಿಸಿದರು. ಫಲಿತಾಂಶಕ್ಕೆ ಕಾಯುತ್ತಿದ್ದಾಗ ಒಂದು ಮಧ್ಯರಾತ್ರಿ ನಿನಗೆ ಕರೆ ಬಂದು ಕಟ್ಟಾಯಿತಲ್ಲ, ಅದು ಕೈತಪ್ಪಿ ಮಾಡಿದ್ದಲ್ಲ. ಅಡುಗೆಮನೆಯ ಕತ್ತಲಲ್ಲಿ ಕೂತು, ಕೆಟ್ಟ ಸುದ್ದಿಯಾದರೆ ಊರಲ್ಲಿ ಅಮ್ಮನಿಗೆ ಯಾರು ಹೇಳಬೇಕೆಂದು ಯೋಚಿಸುತ್ತಿದ್ದೆ. ನೀನೇ ಎಂದು ತೀರ್ಮಾನಿಸಿದೆ. ಬೆಳಗ್ಗೆ ಹೋಗಬೇಕು, ಅಮ್ಮ ತಿಂಡಿ ತಿಂದಾದ ಮೇಲೆ ಹೇಳಬೇಕು, ಪಕ್ಕದಲ್ಲಿ ನಿನ್ನ ಹೆಂಡತಿಯೂ ಇರಬೇಕು. ಇಷ್ಟನ್ನೂ ಗೊತ್ತುಮಾಡಿ ನಿನಗೆ ಕರೆ ಮಾಡಿದೆ. ನಿನ್ನ ನಿದ್ದೆಗಣ್ಣಿನ ‘ಹಲೋ’ ಕೇಳಿದ ಮೇಲೆ ಮಾತು ಹೊರಡಲಿಲ್ಲ. ಕ್ಯಾನ್ಸರ್ ಅಲ್ಲವೆಂದು ವರದಿ ಬಂತು. ಆದರೆ ನಿನ್ನ ಹಿಮ್ಮಡಿ ಕಂಡಂದಿನಿಂದ ಅದೇ ಯೋಚನೆ ತಿರುಗಿ ನಿಂತಿದೆ. ನಿನಗೇನಾದರೂ ಆದರೆ ನನಗೆ ಯಾರು ಹೇಳುತ್ತಾರೆ? ಹೇಳಿದರೆ ನಾನು ಕೇಳಿಸಿಕೊಳ್ಳುವುದು ಹೇಗೆ?

ಇಷ್ಟು ಬರೆಯಲು ಕೂತಿರಲಿಲ್ಲ. ಇರಲಿ, ಕೆಲಸದ ಮಾತಿಗೆ ಬರುತ್ತೇನೆ. ಹುಬ್ಬಳ್ಳಿಯಲ್ಲಿ ನಾವು ಕಿಮ್ಸ್ ಎನ್ನುವ ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ, ಅಲ್ಲಿಗೆ ಹೋಗು. ಅಂಗಾಲಿನ ಗೆರೆಗಳನ್ನು ಭೂತಗನ್ನಡಿಯಲ್ಲಿ ನೋಡಿದರೆ ಏಣು, ತಗ್ಗು ಸಾಲಾಗಿ ಕಾಣುತ್ತವೆ. ಬಣ್ಣ ತಗ್ಗುಗಳಲ್ಲಿ ಕೂತಿದ್ದರೆ ಸಾಮಾನ್ಯವಾಗಿ ಸಾಧಾರಣ ಮಚ್ಚೆ. ಏಣುಗಳ ಮೇಲೆ ಹರಡಿದ್ದರೆ ಚೂರು ತೆಗೆದು ಪರೀಕ್ಷಿಸುತ್ತಾರೆ. ಅದು ಮೆಲನೋಮವೇ ಆಗಿದ್ದರೂ ಎಷ್ಟು ಆಳಕ್ಕೆ ಇಳಿದಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಒಂದು ಮಿಲಿಮೀಟರ್‌ಗಿಂತ ತೆಳುವಾಗಿರುವಾಗ ಸಿಕ್ಕರೆ ಹೆಚ್ಚಿನವರಿಗೆ ಕತ್ತರಿಸಿ ತೆಗೆಯುವುದರಲ್ಲೇ ಮುಗಿಯುತ್ತದೆ. ಅಲ್ಲಿಯವರೆಗೆ ಅದರ ಮೇಲೆ ಸುಣ್ಣ, ಗೇರೆಣ್ಣೆ, ಬ್ಲೇಡು ಯಾವ ಪ್ರಯೋಗವೂ ಬೇಡ. ನಿನ್ನ ಕೈಗುಣ ಎಂಥದ್ದೆಂದು ಗಣಪಣ್ಣನ ಎಮ್ಮೆಗೆ ಗೊತ್ತು.

ನಿನ್ನ ಹೆಂಡತಿಗೆ ಈಗಾಗಲೇ ಸಂದೇಶ ಕಳುಹಿಸಿದ್ದೇನೆ, ಸೋಮವಾರದ ಮೊದಲ ಬಸ್ಸಿಗೆ ಹೊರಡಿಸುತ್ತಾರಂತೆ. ಮೊದಲು ಆಸ್ಪತ್ರೆ, ಆಮೇಲೆ ಮಿರ್ಚಿ. ಆ ಕ್ರಮ ತಪ್ಪಿದರೆ ಏನಾಗುತ್ತದೆಂದು ನಿನಗೂ ಗೊತ್ತು, ಭೂಗೋಳದ ಮೇಷ್ಟ್ರಿಗೂ ಗೊತ್ತು.

ನಿನ್ನವ