ಕಳ್ಳರು ಕೈ ಹಾಕಿದ ಕಾರಿನ ಸ್ಟೀರಿಂಗ್: ಗುಂಪಿನವರ ಗಮನಕ್ಕೆ

ಕಳ್ಳರು ಸ್ಟೀರಿಂಗ್ ಲಾಕ್ (ಕೀ ತೆಗೆದಾಗ ಸ್ಟೀರಿಂಗ್ ತಿರುಗದಂತೆ ಹಿಡಿಯುವ ಬೀಗ) ಮುರಿದು, ಕಾರು ಒಯ್ಯಲಾಗದೆ ಬಿಟ್ಟು ಹೋಗಿದ್ದಾರೆ ಅಂದುಕೊಳ್ಳಿ. ಸ್ಟೀರಿಂಗ್ ವೀಲ್ ತಿರುಗುತ್ತಿದೆ ಅಂತ ಸುಮ್ನೆ ಓಡಿಸಿಕೊಂಡು ಗ್ಯಾರೇಜಿಗೆ ಹೋಗಬೇಡಿ. ಲಾಕಿನ ಪಿನ್ನಿನ ಮುರಿದ ತುಂಡು ಸ್ಟೀರಿಂಗ್ ಕಾಲಮ್ಮಿನೊಳಗೆ (ಸ್ಟೀರಿಂಗ್ ವೀಲಿಗೆ ಸೇರಿದ ಕಂಬದೊಳಗೆ) ಉಳಿದಿದ್ದರೆ, ತಿರುವಿನಲ್ಲಿ ಸ್ಟೀರಿಂಗ್ ಗಕ್ಕನೆ ಸಿಕ್ಕಿಕೊಳ್ಳಬಹುದು. ಟೋ ಮಾಡಿಸುವುದೇ ವಾಸಿ. ಅದಕ್ಕೂ ಮೊದಲು ಫೋಟೋ ತೆಗೆದು, ಪೊಲೀಸರಿಗೂ ಇನ್ಶೂರೆನ್ಸ್‌ನವರಿಗೂ ತಿಳಿಸಿ.

ಲಾಕ್ ಬಿಚ್ಚುವುದೇ ದೊಡ್ಡ ರಗಳೆ. ಹಲವು ಕಾರುಗಳಲ್ಲಿ ಅದನ್ನು ಹಿಡಿದಿರುವ ಬೋಲ್ಟಿನ ತಲೆ, ಬಿಗಿಯುವಾಗಲೇ ಮುರಿದು ಬೀಳುವಂತೆ ಮಾಡಿರುತ್ತಾರೆ. ಕಳ್ಳನ ಸ್ಪ್ಯಾನರಿಗೆ ಏನೂ ಸಿಗಬಾರದಲ್ವಾ! ಸಾಮಾನ್ಯವಾಗಿ ಡ್ರಿಲ್ ಮಾಡಿ ತೆಗೆಯುತ್ತಾರೆ. ಮತ್ತೆ ಹಾಕುವಾಗ ಅಂಥದ್ದೇ ಹೊಸ ಬೋಲ್ಟ್ ಕೇಳಿ. ಸಾದಾ ಬೋಲ್ಟ್ ಹಾಕಿದರೆ ಬಿಚ್ಚುವುದು ಕಳ್ಳನಿಗೆ ಜಾಸ್ತಿ ಸುಲಭ. ಏರ್‌ಬ್ಯಾಗ್ ಇದ್ದರೆ, ಬ್ಯಾಟರಿ ಕಳಚದೆ ಸ್ಟೀರಿಂಗ್ ವೀಲ್ ಬಿಚ್ಚಲು ಬಿಡಬೇಡಿ. ಹೊಸ ಕೀ ಬಂದರೆ ಅದರೊಳಗಿನ ಚಿಪ್ ಕಾರಿಗೆ ಹೊಂದಿಸಿದ್ದಾರಾ ಅಂತಲೂ ಕೇಳಿ.